ಓದದೆ ಹಾಕಿದ ಸಹಿ

ನಮ್ಮೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಪಕ್ಕಕ್ಕೆ, ಬೇವಿನ ಮರದಾಚೆ, ಒಂದು ಬಯಲಿತ್ತು. ವರ್ಷದಲ್ಲಿ ಹನ್ನೊಂದು ತಿಂಗಳು ಅದರ ಕಡೆ ಯಾರೂ ನೋಡುತ್ತಿರಲಿಲ್ಲ. ಕೊಟ್ಟೂರಿಗೆ ಶೇಂಗಾ ಹೇರಿಕೊಂಡು ಹೋಗುವ ಗಾಡಿಗಳು ಅಲ್ಲಿ ಎತ್ತು ಬಿಚ್ಚುತ್ತಿದ್ದವು. ಹೆಂಗಸರು ಕೌದಿ ಒಗೆದು ತಂದು ಒಣಹಾಕುತ್ತಿದ್ದರು. ಮೊಹರಂ ತಿಂಗಳ ಚಂದ್ರ ಕಂಡ ಮೇಲೆ ಮಾತ್ರ ಅಲ್ಲಿ ಗುದ್ದಲಿ ಬೀಳುತ್ತಿತ್ತು. ಸೊಂಟದಷ್ಟು ಆಳದ ದುಂಡನೆಯ ಕುಣಿ ತೋಡಿ, ಸುತ್ತ ಕಟ್ಟೆ ಕಟ್ಟಿ, ಅದಕ್ಕೆ ಬೆಂಕಿ ಹಾಕುತ್ತಿದ್ದರು. ಅದು ಅಲಾಯಿ ಕುಣಿ. ಹತ್ತು ದಿನ ಊರೆಲ್ಲ ಅದರ ಸುತ್ತ ಕುಣಿಯುತ್ತಿತ್ತು. ಕೊನೆಯ ದಿನ ದೇವರನ್ನು ಹಳ್ಳಕ್ಕೆ ಕಳಿಸಿ ಬಂದು ಕುಣಿಯನ್ನು ಮುಚ್ಚಿಬಿಡುತ್ತಿದ್ದರು. ಮರುದಿನದಿಂದ ಮತ್ತೆ ಬರೀ ಬಯಲು.

ಹಬ್ಬ ಮುಸಲ್ಮಾನರ ಓಣಿಯದು ಎನ್ನುವುದು ಹೆಸರಿಗೆ ಮಾತ್ರ. ಹರಕೆ ಎಲ್ಲರವೂ ಇದ್ದವು. ನನಗೆ ನಾಲ್ಕು ವರ್ಷವಾಗಿದ್ದಾಗ ಜ್ವರ ಬಂದು ಕಾಲು ಊರಲಾಗದೆ ಮಲಗಿದ್ದೆನಂತೆ. ಅವ್ವ ಆ ಕುಣಿಯ ಮುಂದೆ ನಿಂತು ಬೇಡಿಕೊಂಡಿದ್ದಳು. ನಾನು ನಡೆದಾಡತೊಡಗಿದ ವರ್ಷದಿಂದ ಪ್ರತಿ ಹಬ್ಬಕ್ಕೂ ಸಕ್ಕರೆ ಒಯ್ದು, ದೇವರ ಮುಂದಿಟ್ಟು ಫಾತಿಹಾ ಓದಿಸಿ, ಹಂಚುತ್ತಿದ್ದಳು. ಆ ಸಕ್ಕರೆಗೆ ಲೋಬಾನದ ವಾಸನೆ ಹತ್ತಿರುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದೂ ಆ ಜಾಗವನ್ನು ‘ಖಾಲಿ ಜಾಗ’ ಎಂದು ಪಂಚಾಯಿತಿಯ ಪುಸ್ತಕದಲ್ಲಿ ಬರೆದವಳು ನಾನು.

ಅಪ್ಪ ಆಗ ಪಂಚಾಯಿತಿಯ ಅಧ್ಯಕ್ಷ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಡೆದ ಚುನಾವಣೆಯಲ್ಲಿ ಯಾವ ಗುಂಪಿಗೂ ಪೂರ್ತಿ ಬಲ ಬಂದಿರಲಿಲ್ಲ. ನಮ್ಮ ಮೇಲಿನ ಓಣಿ, ನಾಯಕರ ಓಣಿ, ಮುಸಲ್ಮಾನರ ಓಣಿ, ಊರ ಹೊರಗಿನ ಕೇರಿ, ಲಂಬಾಣಿ ತಾಂಡಾ, ಈ ಐದೂ ಕಡೆಯ ಸದಸ್ಯರು ಕೂಡಿ ಅಧಿಕಾರ ಹಿಡಿದರು. ಜನ ಅದನ್ನು ಕೂಡು ಗುಂಪು ಎಂದು ಕರೆದರು. ಅದನ್ನು ಕೂಡಿಸಿದವನು ಅಪ್ಪನಲ್ಲ, ಅಪ್ಪನ ಗೆಳೆಯ. ಮುಸಲ್ಮಾನರ ಓಣಿಯಿಂದ ಗೆದ್ದಿದ್ದ ಅವನು ಬಳೆಗಾರ. ಬಳೆಯ ಮಲಾರ ಹೊತ್ತು ಅವನು ಹೋಗದ ಕೇರಿ ಇರಲಿಲ್ಲ. ಯಾರ ಮನೆಯಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಎನ್ನುವುದು ಅವನಿಗೆ ತಿಳಿದಿರುತ್ತಿತ್ತು.

“ಊರಾಗಿನ ಎಲ್ಲಾ ಹೆಂಗಸರ ಕೈ ಹಿಡದು, ಒಬ್ಬ ಗಂಡಸಿನ ಕೈಲೂ ಏಟು ತಿನ್ನದಾಂವ ನಾ ಒಬ್ನ ನೋಡ್ಲೇ,” ಎಂದು ಅಪ್ಪನಿಗೆ ಹೇಳಿ ನಗುತ್ತಿದ್ದ.

ಅವ್ವ ಅವನನ್ನು ಅಣ್ಣಾ ಎನ್ನುತ್ತಿದ್ದಳು, ಹಾಗಾಗಿ ನಮಗೆ ಅವನು ಮಾವ. ಅಪ್ಪನೂ ಅವನೂ ಒಂದೇ ಶಾಲೆಗೆ ಸೇರಿದವರು. ಮಾವ ಎರಡನೆಯ ಇಯತ್ತೆಗೇ ಬಿಟ್ಟಿದ್ದ. ಸದಸ್ಯನಾದ ಮೇಲೆ ಹೆಬ್ಬೆಟ್ಟು ಒತ್ತುವುದು ಬೇಡವೆಂದು ಅಪ್ಪ ನಮ್ಮ ಪಡಸಾಲೆಯಲ್ಲಿ ಕೂಡಿಸಿಕೊಂಡು, ಹಳೆಯ ಪಂಚಾಂಗದ ಹಿಂಬದಿಯ ಮೇಲೆ, ಅವನಿಗೆ ಹೆಸರು ಬರೆಯುವುದನ್ನು ಕಲಿಸಿದ. ಬೇರೆ ಅಕ್ಷರ ಅವನು ಕಲಿಯಲಿಲ್ಲ. ಅಪ್ಪ ಇರುವಾಗ ಅದರ ಅಗತ್ಯ ಅವನಿಗೆ ಕಂಡಿರಲಿಕ್ಕಿಲ್ಲ.

ಎಂಬತ್ತರ ದಶಕದ ನಡುವೆ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು, ಕೆಲಸಕ್ಕೆ ಅರ್ಜಿ ಹಾಕಿ ಮನೆಯಲ್ಲಿದ್ದೆ. ಪಂಚಾಯಿತಿ ಕಾರ್ಯದರ್ಶಿಗೆ ಮೂರು ಊರಿನ ಜವಾಬ್ದಾರಿ ಇತ್ತು. ವಾರಕ್ಕೆ ಎರಡು ದಿನ ಹಗರಿಬೊಮ್ಮನಹಳ್ಳಿಯಿಂದ ಬಂದು ಹೋಗುತ್ತಿದ್ದರು. ಅವರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ಹಾಗಾಗಿ ಸಭೆಯ ತೀರ್ಮಾನಗಳನ್ನು ಠರಾವುಗಳಾಗಿ ನಡಾವಳಿ ಪುಸ್ತಕದಲ್ಲಿ ಬರೆಯುವ ಕೆಲಸ ನನಗೆ ಬಂತು. ಅಪ್ಪ ಹೇಳುವುದು, ನಾನು ಬರೆಯುವುದು. ಮಾತು ಕಡಿಮೆ ಇರುವ ಕೆಲಸವೆಂದು ನನಗೂ ಹಿತವಾಗಿತ್ತು.

ಆ ಬೇಸಿಗೆಯಲ್ಲಿ ಬಸ್ಸು ನಿಲ್ಲುವ ಕಡೆ ಅಂಗಡಿ ಮಳಿಗೆ ಕಟ್ಟುವ ಠರಾವಾಯಿತು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ದನದ ದವಾಖಾನೆ, ನಡುವಿನ ಖಾಲಿ ಜಾಗ ಎಂದು ಅಪ್ಪ ಹೇಳಿದ. ಬರೆದೆ. ನನ್ನ ಪೆನ್ನು ಎಲ್ಲಿಯೂ ನಿಲ್ಲಲಿಲ್ಲ. ಅಪ್ಪ ಮೋಸ ಮಾಡಬೇಕೆಂದು ಹೇಳಿದ್ದಲ್ಲ. ಅದು ಚೈತ್ರದ ಬಿಸಿಲು. ಕುಣಿ ಮುಚ್ಚಿ ಆರು ತಿಂಗಳಾಗಿತ್ತು. ನಮ್ಮ ಕಣ್ಣಿಗೆ ಆ ಜಾಗ ಖಾಲಿಯೇ ಇತ್ತು.

ಮಾವ ಆ ಸಭೆಗೆ ಇರಲಿಲ್ಲ. ಮದುವೆ ದಿನಗಳಾದ್ದರಿಂದ ಹಡಗಲಿ ಕಡೆಯ ಹಳ್ಳಿಗಳಿಗೆ ಬಳೆ ತೊಡಿಸಲು ಹೋಗಿದ್ದ. ಎಂಟು ದಿನ ಬಿಟ್ಟು ಬಂದವನು ನಮ್ಮ ಮನೆಯ ಕಟ್ಟೆಯ ಮೇಲೆ ಮಲಾರ ಇಳಿಸಿ ನೀರು ಕುಡಿದ. ಅಪ್ಪ ಪುಸ್ತಕ ಮುಂದೆ ಸರಿಸಿ ಸಹಿ ಹಾಕಲು ಹೇಳಿದ. ಏನಿದು ಎಂದು ಮಾವ ಕೇಳಿದ. ಮಳಿಗೆಯದು, ಹಾಕು ಎಂದ ಅಪ್ಪ. ಮಾವ ಹಾಕಿದ. ನಾನು ಬಾಗಿಲಲ್ಲಿ ನಿಂತಿದ್ದೆ.

ಮಳಿಗೆಗೆಂದು ಸುಣ್ಣದಲ್ಲಿ ಎಳೆದ ಗೆರೆ ಮಳೆಗಾಲದಲ್ಲಿ ತೊಳೆದುಹೋಯಿತು. ಮಳಿಗೆ ಬೇವಿನ ಮರದ ಈಚೆಗೇ ಮುಗಿಯುತ್ತದೆಂದು ಎಲ್ಲರೂ ತಿಳಿದಿದ್ದರು. ಮಳೆ ಹಿಂದಾದ ಮೇಲೆ ಹರಪನಹಳ್ಳಿಯ ಗುತ್ತಿಗೆದಾರ ಆಳುಗಳನ್ನು ಕರೆದುಕೊಂಡು ಬಂದು, ಮೂರೇ ದಿನದಲ್ಲಿ ಬುನಾದಿ ತೋಡಿ ಸೈಜುಗಲ್ಲು ಇಳಿಸಿ ಹೋದ. ಅದಾಗಿ ಎರಡನೆಯ ಸಂಜೆ ಮೊಹರಂ ಚಂದ್ರ ಕಂಡಿತು. ಗುದ್ದಲಿ ಹಿಡಿದು ಹೋದವರಿಗೆ ಕುಣಿಯ ಜಾಗದ ಮೇಲೆ ಕಲ್ಲಿನ ಸಾಲು ಸಿಕ್ಕಿತು.

ಮರುದಿನ ಬೆಳಿಗ್ಗೆ ಅವರ ಓಣಿಯ ಹಿರಿಯರು ನಮ್ಮ ಮನೆಗೆ ಬಂದರು. ಅವರ ಹಿಂದೆ ಮಾವನೂ ಇದ್ದ. ವಿಷಯ ಕೇಳಿ ಅಪ್ಪನ ಮುಖ ಬಿಳಿಚಿತು. ತಪ್ಪಾಯಿತು ಎಂದು ಆಗಲೇ ಅಂದಿದ್ದರೆ ಏನಾಗುತ್ತಿತ್ತೋ. ಆದರೆ ಅಂಗಳದಲ್ಲಿ ನಮ್ಮ ಓಣಿಯ ಜನವೂ ಸೇರಿತ್ತು, ಅಪ್ಪ ಅಧ್ಯಕ್ಷನ ಮಾತಾಡಿದ.

“ಹಿಂದ ಬೇಕಾದಷ್ಟು ಜಾಗ ಐತಲ್ರಿ. ಅಲ್ಲೇ ತೋಡ್ರಿ ಈ ವರ್ಷ.”

“ಕುಣಿ ಅಂದ್ರ ಬರೇ ತಗ್ಗಲ್ಲಪಾ,” ಎಂದರು ಹಿರಿಯರಲ್ಲಿ ಒಬ್ಬರು. ಆಮೇಲೆ ಇದನ್ನು ಯಾರ್‍ಯಾರು ಒಪ್ಪಿದ್ದಾರೆ ಎಂದು ಕೇಳಿದರು. ಎಲ್ಲ ಸದಸ್ಯರೂ ಎಂದ ಅಪ್ಪ. ಪುಸ್ತಕ ತರಲು ನನಗೆ ಹೇಳಿದ.

ತಂದು ಕೊಟ್ಟೆ. ಹಿರಿಯರು ಅದನ್ನು ಮಾವನ ಮುಂದೆ ಹಿಡಿದು, ಇದರಲ್ಲಿ ನಿನ್ನದೂ ಇದೆಯೇ ಎಂದರು. ಮಾವ ಬಗ್ಗಿ ನೋಡಿದ. ಆ ಪುಟದಲ್ಲಿ ಅವನಿಗೆ ಓದಲು ಬರುತ್ತಿದ್ದದ್ದು ಅವನ ಹೆಸರೊಂದೇ.

“ಐತಿ,” ಎಂದ.

ಓದದೆ ಹಾಕಿದ್ದೇನೆ ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಅವನು ಉಳಿಯುತ್ತಿದ್ದ, ಅಪ್ಪ ಕಳ್ಳನಾಗುತ್ತಿದ್ದ. ಅವನು ಅಪ್ಪನ ಕಡೆ ಒಮ್ಮೆ ನೋಡಿದ್ದು ನನಗೆ ನೆನಪಿದೆ. ಅಪ್ಪ ಹೇಳುತ್ತಾನೆಂದು ಕಾಯುತ್ತಿದ್ದ. ಅಪ್ಪ ಹೇಳಲಿಲ್ಲ. ನಾನೂ ಹೇಳಲಿಲ್ಲ. ಪುಸ್ತಕವನ್ನು ತಿರುಗಿ ತೆಗೆದುಕೊಂಡು ಒಳಗೆ ಇಟ್ಟೆ.

ಆ ವರ್ಷ ನಮ್ಮೂರಲ್ಲಿ ಹಬ್ಬವಾಗಲಿಲ್ಲ. ಅವ್ವ ಸಕ್ಕರೆಯನ್ನು ಡಬ್ಬಿಗೇ ಸುರಿದಳು. ದೊಡ್ಡ ದೇವರನ್ನು ಹೊರುವ ಹಕ್ಕು ಮಾವನ ಮನೆತನದ್ದು. ಅವನ ಅಜ್ಜನಿಂದ ಬಂದದ್ದು. ಬೆಳ್ಳಿಯ ಹಸ್ತವನ್ನು ಕೋಲಿಗೆ ಕಟ್ಟಿ, ಬಣ್ಣದ ಬಟ್ಟೆ ಉಡಿಸಿ ನಿಲ್ಲಿಸುವ ದೇವರು ಅದು. ಕುಣಿಯನ್ನು ಮಾರಿಕೊಂಡವನ ಕೈಗೆ ಇನ್ನು ಅದನ್ನು ಕೊಡುವುದಿಲ್ಲವೆಂದು ಓಣಿಯವರು ತೀರ್ಮಾನ ಮಾಡಿದರು. ಈ ಸುದ್ದಿಯನ್ನು ನಮಗೆ ಮಾವ ಹೇಳಲಿಲ್ಲ. ಅವನು ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದ.

ಮಾತು ಅಲ್ಲಿಗೆ ನಿಲ್ಲಲಿಲ್ಲ. ಜೊತೆಗೆ ಕೂತವನಿಗೇ ಹೀಗೆ ಮಾಡಿದವರು ದೂರ ಇರುವ ನಮಗೆ ಏನು ಮಾಡಿಯಾರು ಎಂದು ತಾಂಡಾದವರು ಕೇಳತೊಡಗಿದರು. ಹೊರಗಿನ ಕೇರಿಯವರು ನಲ್ಲಿಯ ಮಾತು ತೆಗೆದರು. ನಾಯಕರ ಓಣಿಯವರು ಮನೆ ನಿವೇಶನದ ಮಾತು ತೆಗೆದರು. ಕೇಳಿದರೆ ಎಲ್ಲವೂ ನಿಜವೇ ಇದ್ದವು. ಹೊಸ ಮಂಡಲ ಪಂಚಾಯಿತಿಗೆ ಚುನಾವಣೆ ಬರುವುದಿತ್ತು. ಐವರಲ್ಲಿ ಇಬ್ಬರು ಸದಸ್ಯರು ಸಭೆಗೆ ಬರುವುದನ್ನು ಬಿಟ್ಟರು. ಅಪ್ಪ ಬಸ್ಸಿಗೆ ನಿಂತರೆ ಕಟ್ಟೆಯ ಮೇಲಿನ ಮಾತು ನಿಂತುಹೋಗುತ್ತಿತ್ತು.

ಕೇರಿಯ ಸದಸ್ಯನನ್ನು ಕರೆಯಲು ಅಪ್ಪ ಹೋದಾಗ ನಾನೂ ಜೊತೆಗಿದ್ದೆ. ಆತ ಮನೆಯಲ್ಲಿರಲಿಲ್ಲ. ಹಗರಿಬೊಮ್ಮನಹಳ್ಳಿಯ ದವಾಖಾನೆಯಲ್ಲಿ ಆಯಾ ಆಗಿದ್ದ ಅವನ ಅಕ್ಕ ಇದ್ದಳು. ಅವರ ಗೋಡೆಯ ಮೇಲೆ ಬುದ್ಧನ ಪಟವಿತ್ತು, ಅದರ ಕೆಳಗೆ ಅವಳ ಕೆಲಸದ ಬಿಳಿ ಸೀರೆ ತೂಗುತ್ತಿತ್ತು. ಅಪ್ಪನಿಗೆ ಚಾಪೆ ಹಾಸಿ, ತಾನು ನಿಂತೇ ಮಾತಾಡಿದಳು.

“ನೀವು ಬರಕೊಂಡು ಹೋಗ್ತೀರಿ. ನಾವು ಕಟ್ಟಿದ ಮ್ಯಾಲ ನೋಡ್ತೀವಿ. ಬರಿಯೋಕಿಂತ ಮುಂಚೆ ಬಂದು ನಮ್ಮ ಮುಂದ ಓದ್ರಿ. ಹೌದಂದ್ರ ಬರೀರಿ.”

ಮನೆಗೆ ಬರುವ ದಾರಿಯಲ್ಲಿ ಅಪ್ಪ, ನೀನೇ ಓದಬೇಕಾಗುತ್ತದೆ ಎಂದು ನನಗೆ ಹೇಳಿದ.

ಮೊದಲು ಬುನಾದಿಯ ಕಲ್ಲು ಕೀಳಿಸಿದ. ಮಳಿಗೆಗಳಲ್ಲಿ ಎರಡು ಕಡಿಮೆಯಾದವು. ಆಮೇಲೆ ಓದುವುದು ಶುರುವಾಯಿತು. ನಲ್ಲಿ, ದೀಪದ ಕಂಬ, ಚರಂಡಿ, ಮನೆ ನಿವೇಶನ, ಯಾವುದೇ ಇರಲಿ, ಠರಾವಿನ ಕರಡನ್ನು ಆಯಾ ಓಣಿಯ ಕಟ್ಟೆಗೆ ಹೋಗಿ, ಅಲ್ಲಿಯ ಹೆಂಗಸರನ್ನೂ ಕರೆಸಿ ಓದುವುದು. ಅವರು ಒಪ್ಪಿದ ಮೇಲೆಯೇ ಪುಸ್ತಕಕ್ಕೆ. ನಾಲ್ಕು ಜನರ ಮುಂದೆ ಹೆಸರು ಹೇಳಲೂ ಹಿಂಜರಿಯುತ್ತಿದ್ದವಳು ನಾನು. ಕಾಗದ ಕೈಯಲ್ಲಿದ್ದರೆ ಮಾತ್ರ ಧ್ವನಿ ಬರುತ್ತಿತ್ತು.

ಕೇರಿಯಲ್ಲಿ ಮೂರು ಕಂಬ ಎಂದು ಓದಿದಾಗ ಆ ಆಯಾ ಅಕ್ಕ ತಡೆದಳು. ಅದರಲ್ಲಿ ಒಂದು ಕೇರಿಯೊಳಗಲ್ಲ, ಕೇರಿಯ ಬಾಯಲ್ಲಿದೆ. ಅದರ ಬೆಳಕು ಬೀಳುವುದು ದೊಡ್ಡ ರಸ್ತೆಗೆ, ಲೆಕ್ಕ ಮಾತ್ರ ನಮ್ಮ ಕೇರಿಗೆ ಎಂದಳು. ಅಪ್ಪ ನನ್ನ ಕೈಯಿಂದ ಕಾಗದ ತೆಗೆದುಕೊಂಡು ತಾನೇ ತಿದ್ದಿದ. ತಾಂಡಾದಲ್ಲಿ ಒಬ್ಬಳು ಮುದುಕಿ ನಾನು ಮುಗಿಸುವವರೆಗೂ ತಲೆಯಾಡಿಸಿ, ಕೊನೆಗೆ ಕೇಳಿದಳು.

“ಚಂದ ಓದ್ತೀ ಬಿಡವ್ವಾ. ಇಷ್ಟು ಓದಿ ಇನ್ನಾ ಮದುವಿ ಆಗಿಲ್ಲ, ನಮಗ ನೀರು ಯಾವಾಗ ಬರ್ತಾವ?”

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನೀರು ಮೊದಲು ಬಂದದ್ದು ತಾಂಡಾಕ್ಕೆ, ಆಮೇಲೆ ಕೇರಿಗೆ. ಸೂರಿಲ್ಲದ ಕುಟುಂಬಗಳನ್ನು ಓಣಿ ಓಣಿ ತಿರುಗಿ ಗುರುತಿಸಿ ನಿವೇಶನ ಹಂಚಲಾಯಿತು. ನಮ್ಮ ಮೇಲಿನ ಓಣಿಯ ನಲ್ಲಿ ಎಲ್ಲಕ್ಕಿಂತ ಕೊನೆಗೆ ಬಂತು. ನಮ್ಮವರೇ ಅಪ್ಪನ ಮೇಲೆ ಮುನಿಸಿಕೊಂಡರು. ಆದರೆ ಬೇಸಿಗೆ ಮುಗಿಯುವಷ್ಟರಲ್ಲಿ, ಬಿಟ್ಟು ಹೋಗಿದ್ದ ಇಬ್ಬರು ಸದಸ್ಯರು ತಾವಾಗಿ ಸಭೆಗೆ ಬಂದು ಕುಳಿತರು. ಬಸ್ಸಿನ ಕಟ್ಟೆಯ ಮೇಲೆ ಜನ ಅಪ್ಪನಿಗೆ ಜಾಗ ಬಿಡತೊಡಗಿದರು.

ಮುಸಲ್ಮಾನರ ಓಣಿಯಲ್ಲಿ, ಬಯಲನ್ನು ಕುಣಿಗೆಂದೇ ಬಿಡುವ ಠರಾವನ್ನು ಓದಿದ್ದೂ ನಾನೇ. ಮಾವನ ಮನೆ ಕಟ್ಟೆಯ ಎದುರಿಗೇ ಇದೆ. ಬಾಗಿಲು ಅರ್ಧ ತೆರೆದಿತ್ತು, ಒಳಗೆ ಅವನು ಬಳೆ ಪೋಣಿಸುತ್ತಿದ್ದದ್ದು ಕಾಣುತ್ತಿತ್ತು. ಓದಿ ಮುಗಿಸಿದೆ. ಹಿರಿಯರು ಸರಿ ಎಂದರು. ಆಗ ನಾನು ಇನ್ನೊಂದು ಮಾತು ಹೇಳಬಹುದಾಗಿತ್ತು: ಮಾವ ಓದಿರಲಿಲ್ಲ, ನಾನು ಕಂಡಿದ್ದೇನೆ ಎಂದು. ಅದು ಕಾಗದದಲ್ಲಿ ಇರಲಿಲ್ಲ. ಕಾಗದ ಮಡಚಿಕೊಂಡು ಬಂದೆ.

ಅಂದು ಅವ್ವ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ ಅಂದಳು: “ಅಪ್ಪ ಮಗಳು ಊರಿಗೆಲ್ಲಾ ಓದಿ ಹೇಳ್ತೀರಿ. ಅಣ್ಣಂದು ಒಂದು ಮಾತು ನಿಮ್ಮ ಬಾಯಾಗ ಬರಲಿಲ್ಲ.”

ಅಪ್ಪ ಊಟದ ತಟ್ಟೆಯ ಮುಂದೆ ಕುಳಿತಿದ್ದ. ರೊಟ್ಟಿ ಮುರಿದು ತಿನ್ನತೊಡಗಿದ.

ಆ ಮಾತನ್ನು ಅಪ್ಪ ಹೇಳಿದ್ದು ಮತ್ತೆ ಮೊಹರಂ ಹತ್ತಿರ ಬಂದಾಗ. ಒಂದು ಸಂಜೆ ಒಬ್ಬನೇ ಆ ಓಣಿಗೆ ಹೋಗಿ, ಕಟ್ಟೆಯ ಮೇಲೆ ಎಲ್ಲರೂ ಇರುವಾಗ ನಿಂತು, ಅವನು ಓದಿರಲಿಲ್ಲ, ನಾನು ಹಾಕು ಅಂದೆ, ಹಾಕಿದ, ತಪ್ಪು ನನ್ನದು ಎಂದು ಹೇಳಿ ಬಂದ. ಅಲ್ಲಿದ್ದವರು ಅದನ್ನು ಊರಿಗೆಲ್ಲ ಹೇಳಿದರು. ಅಧ್ಯಕ್ಷನಾಗಿ ತನ್ನ ತಪ್ಪು ತಾನೇ ಒಪ್ಪಿಕೊಂಡ, ಇಂಥವನು ಬೇಕು ಎಂದರು. ಕೂಡು ಗುಂಪಿನ ಮೇಲೆ ಇನ್ನೂ ಅಲ್ಲಿ ಇಲ್ಲಿ ಉಳಿದಿದ್ದ ಅನುಮಾನವೂ ಅಂದಿಗೆ ಹೋಯಿತು ಎಂದು ಈಗ ಅನ್ನಿಸುತ್ತದೆ. ಓಣಿಯ ಹಿರಿಯರು ಮಾವನ ಮನೆಗೆ ಹೋಗಿ, ಈ ವರ್ಷ ದೇವರನ್ನು ನೀನೇ ಹೊರಬೇಕು ಎಂದು ಕೇಳಿಕೊಂಡರು. ಮಾವ ಒಲ್ಲೆ ಎಂದ.

ಮರುದಿನ ಅಪ್ಪ ಅವನ ಮನೆಗೆ ಹೊರಟ. ನನ್ನನ್ನೂ ಕರೆದ. ಮಾವ ನಮ್ಮನ್ನು ನೋಡಿ ಎದ್ದು ನಿಂತ.

“ಬರ್ರಿ,” ಎಂದ. ಅಪ್ಪನಿಗೆ ಅವನು ಹಾಗೆ ಅಂದದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಅಪ್ಪ ದೇವರ ಮಾತು ತೆಗೆದ. ತೋಳು ಎತ್ತಲು ಬರುವುದಿಲ್ಲ, ಅಣ್ಣನ ಮಗ ಹೊರುತ್ತಾನೆ ಎಂದ ಮಾವ. ಅಪ್ಪ ಚುನಾವಣೆಯ ಮಾತು ತೆಗೆದ, ಓಣಿಯಿಂದ ನೀನೇ ನಿಲ್ಲಬೇಕು ಎಂದ. ಮಾವ ಬಳೆಗಳ ಮೇಲೆ ಬಟ್ಟೆ ಮುಚ್ಚಿ, ಸಾವಕಾಶವಾಗಿ ಹೇಳಿದ.

“ಕುಣಿ ಬಿಟ್ಟು ಕೊಟ್ರಿ. ತಾಂಡಾಕ್ಕ ನೀರು ಕೊಟ್ರಿ. ಎಲ್ಲಾ ಕೇರಿಯವರೂ ನಿಮ್ಮನ್ನ ನಂಬ್ಯಾರ. ಛಲೋ ಆತು. ನಾ ಒಂದು ವರ್ಷ ಬಾಯಿ ಬಿಡಲಿಲ್ಲ. ಬಿಟ್ಟಿದ್ರ ನೀ ಕಳ್ಳ ಆಗ್ತಿದ್ದಿ. ಮಾರಿಕೊಂಡಾಂವ ಅಂದ್ರು, ಅನ್ನಿಸಿಕೊಂಡೆ. ಈಗ ನೀ ಹೋಗಿ ಹೇಳಿ ದೊಡ್ಡಾಂವ ಆದಿ. ನಾ ಓದಾಕ ಬರದ ಹೆಡ್ಡ ಆದೆ.”

“ಅವತ್ತ ಹೇಳಬೇಕಾಗಿತ್ತು ನಾನು,” ಎಂದ ಅಪ್ಪ.

“ಹೌದು. ಅವತ್ತ.”

ಮಾವನ ಹೆಂಡತಿ ಚಹಾ ತಂದಿಟ್ಟಳು. ಕುಡಿದೆವು. ನನ್ನ ಕಡೆ ತಿರುಗಿ ಮಾವ, ಕೆಲಸದ ಅರ್ಜಿ ಏನಾಯಿತು ಎಂದು ಕೇಳಿದ. ಇನ್ನೂ ಏನೂ ಬಂದಿಲ್ಲ ಎಂದೆ. ಬರುತ್ತದೆ ಬಿಡು ಎಂದ. ಅವನಿಗೆ ನನ್ನ ಮೇಲೆ ಸಿಟ್ಟಿದ್ದಂತೆ ಕಾಣಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ವರ್ಷ ಕುಣಿ ತೋಡಿದರು. ಎಂದಿಗಿಂತ ಹೆಚ್ಚು ಜನ ಬಂದಿದ್ದರು. ಕೂಡ್ಲಿಗಿಗೆ ಕೊಟ್ಟ ಹೆಣ್ಣುಮಕ್ಕಳೂ ಹರಕೆ ತೀರಿಸಲು ಬಂದಿದ್ದರು. ದೊಡ್ಡ ದೇವರನ್ನು ಮಾವನ ಅಣ್ಣನ ಮಗ ಹೊತ್ತ. ಮಾವ ತನ್ನ ಬಾಗಿಲಲ್ಲಿ ನಿಂತು, ದೇವರು ಮುಂದೆ ಹಾದುಹೋಗುವಾಗ ಎರಡೂ ಕೈ ಎತ್ತಿ ಮುಗಿದ. ತೋಳುಗಳು ಸರಿಯಾಗಿಯೇ ಮೇಲೆದ್ದವು.

ಚುನಾವಣೆ ಚಳಿಗಾಲದಲ್ಲಿ ಆಯಿತು. ಮತ ಹಾಕುವ ಸಾಲಿನಲ್ಲಿ ಮಾವ ಬೆಳಿಗ್ಗೆಯೇ ಬಂದು ನಿಂತಿದ್ದ. ಅಪ್ಪನನ್ನು ನೋಡಿ, ನಮಸ್ಕಾರ್‍ರಿ ಎಂದ. ಕೂಡು ಗುಂಪು ಹಿಂದಿಗಿಂತ ಚೆನ್ನಾಗಿ ಗೆದ್ದಿತು. ಐದು ಕಡೆಗಳಲ್ಲೂ ಗೆದ್ದಿತು. ಮುಸಲ್ಮಾನರ ಓಣಿಯಲ್ಲಿ ಎದುರು ನಿಂತವನಿಗೆ ಹೇಳಿಕೊಳ್ಳುವಷ್ಟೂ ಮತ ಬೀಳಲಿಲ್ಲ. ಮಾವನ ಜಾಗದಲ್ಲಿ ಗೆದ್ದ ಹೊಸ ಸದಸ್ಯ ಓದುಬರಹ ಬಲ್ಲವನು. ಎಣಿಕೆಯ ದಿನ ಮಧ್ಯಾಹ್ನ ಅಪ್ಪ ಮನೆಗೆ ಬಂದಾಗ ಕೊರಳಿನ ತುಂಬ ಚೆಂಡುಹೂವಿನ ಹಾರಗಳಿದ್ದವು. ಅವನ್ನು ತೆಗೆದು ಕಿಟಕಿಯ ಸರಳಿಗೆ ಹಾಕಿ, ಪಡಸಾಲೆಯ ಕಂಬಕ್ಕೆ ಒರಗಿ ಕುಳಿತ.

“ಅವನೂ ನಮಗ ಹಾಕ್ಯಾನ,” ಎಂದ.

ಯಾರು ಯಾರಿಗೆ ಹಾಕಿದರೆಂದು ಗೊತ್ತಾಗುವುದಿಲ್ಲ ಎಂದೆ.

“ನನಗ ಗೊತ್ತೈತಿ. ನ್ಯಾಯವಾಗಿ ಮಾಡಿದ್ದಕ್ಕ ಹಾಕ್ಯಾನ. ಎಲ್ಲಾರ ಹಂಗ. ಗೆಳೆಯಾ ಅಂತಲ್ಲ.”

ಹೊರಗೆ ಜನ ಕರೆಯುತ್ತಿದ್ದರು. ತಾಂಡಾದವರು ಬಾರಿಸಲು ಹಲಗೆ ತಂದಿದ್ದರು. ಅಪ್ಪ ತಕ್ಷಣ ಏಳಲಿಲ್ಲ. ಒಳಗಿನಿಂದ ಅವ್ವ ಬಂದು, ಜನ ನಿಂತಾರ, ಹೋಗ್ರಿ ಎಂದಳು. ಅಪ್ಪ ಎದ್ದ. ಕಿಟಕಿಯಿಂದ ಒಂದು ಹಾರ ತೆಗೆದು ಹಾಕಿಕೊಂಡು, ಅವರೆದುರಿಗೆ ಕೈ ಮುಗಿದುಕೊಂಡು ಹೋದ.